ಬೆಳಕು ತಂಗುವ ಹೊತ್ತು

ಗುರುವಾರ ಗುರುವಾರ ಹಿಲ್ಯಾ ಬರುತ್ತಾಳೆ
ಹೊಳೆಯಾಚೆಯಿಂದ ಬಸ್ಸಿನಲ್ಲಿ,
ರಟ್ಟಿನ ಟ್ರೇಯಲ್ಲಿ ಮೂವತ್ತು ಮೊಟ್ಟೆ
ಉಣ್ಣೆಯ ಶಾಲು ಹೊದಿಸಿ, ತೊಡೆಯ ಮೇಲಿಟ್ಟುಕೊಂಡು.
ತಾರ್ತುವಿನಲ್ಲಿ ಡಿಸೆಂಬರ್; ಮೂರೂವರೆಗೇ ಕತ್ತಲು.
ಮೆಟ್ಟಿಲಿಗೆ ಬೂಟು ಬಡಿದು ಹಿಮ ಉದುರಿಸುತ್ತ
ಅವಳು ಕೇಳುವುದು ಒಂದೇ ಮಾತು:
"ಹೋದ ವಾರದ್ದೆಲ್ಲ ಎಲ್ಲಿ?"

ನಾನು ತಲೆ ತಗ್ಗಿಸಿ ರಸೀದಿ ಬರೆಯುತ್ತೇನೆ.

ಚಿಪ್ಪಿನಲ್ಲಿ ಕಿಟಕಿ ಕೊರೆಯುವುದು ನನ್ನ ಕೆಲಸ.
ಸಣ್ಣ ಕತ್ತರಿ, ಒಂದು ಚೂರು ಟೇಪು,
ಉಗುರಗಲದ ಬಾಗಿಲು.
ಒಳಗೆ ಹಳದಿಯ ಮೇಲೆ ನಾಲ್ಕು ದಿನದ ಜೀವ:
ಅಲ್ಪವಿರಾಮದಂತೆ ಬಾಗಿದ ಬೆನ್ನು,
ಎಳ್ಳಿನಷ್ಟು ಕಣ್ಣು, ಇನ್ನೂ ಯಾರನ್ನೂ ನೋಡದ್ದು,
ಮತ್ತು ಹೃದಯ, ಆಗಲೇ ತಾಳ ಹಿಡಿದದ್ದು.
ಮೂಗಿಲ್ಲ. ಶ್ವಾಸಕೋಶವಿಲ್ಲ.
ಚಿಪ್ಪಿನ ಸಾವಿರ ತೂತಿನಿಂದ
ಜರಡಿ ಹಿಡಿದ ಹಾಗೆ ಉಸಿರು ಇಳಿಯುತ್ತದೆ.

ಎಷ್ಟು? ಎಲ್ಲಿಯವರೆಗೆ?
ಸೂಜಿ ಚುಚ್ಚಿ ಕೇಳಿದರೆ
ಕೇಳಿದ ಜಾಗವೇ ನೊಂದು ಸುಳ್ಳು ಹೇಳುತ್ತದೆ.
ಅದಕ್ಕೇ ಬೆಳಕು.

ನೆತ್ತರಿನ ಎಳೆಗೆ ಒಂದು ಹನಿ ಬಣ್ಣ ಬಿಟ್ಟು
ಕೋಣೆಯ ದೀಪ ಆರಿಸುತ್ತೇನೆ.
ರೈವೋ ಹಸಿರು ಬೆಳಕನ್ನು ಒಮ್ಮೆ ಚಿಮುಕಿಸುತ್ತಾನೆ.
ಬಣ್ಣ ಕೆಂಪಗೆ ಮಿನುಗುತ್ತದೆ. ಆರುತ್ತದೆ.
ಮಿನುಗಿದ್ದಕ್ಕೂ ಆರಿದ್ದಕ್ಕೂ ನಡುವಿನ ಹೊತ್ತು,
ನೀವು ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ
ಸಾವಿರ ಸಲ ಕಳೆದುಹೋಗುವಂಥದ್ದು,
ಅಷ್ಟನ್ನೇ ನಾವು ಅಳೆಯುವುದು.

ಆಮ್ಲಜನಕ ಬಂದು ಮುಟ್ಟಿದ ಕಡೆ
ಮಿನುಗು ಬೇಗ ಅಡಗುತ್ತದೆ,
ಎತ್ತಿಕೊಂಡ ಕೂಸು ಅಳು ನಿಲ್ಲಿಸಿದ ಹಾಗೆ.
ಯಾರೂ ಬಾರದ ಕಡೆ
ಇನ್ನಷ್ಟು ಹೊತ್ತು ಇರುತ್ತದೆ.

ಈ ಗುರುವಾರ ಇದನ್ನು ಹಿಲ್ಯಾಗೆ ಹೇಳಿದೆ.
"ತಲೆಕೆಳಗು ಮಾಡಿದ್ದೀಯ," ಅಂದಳು.
"ಹಳೇ ಬಾವಿಗೆ ಇಳಿಯುವ ಮೊದಲು ನಮ್ಮಪ್ಪ
ಹಗ್ಗಕ್ಕೆ ಮೇಣದಬತ್ತಿ ಕಟ್ಟಿ ಬಿಡುತ್ತಿದ್ದ.
ಬತ್ತಿ ಸತ್ತರೆ ಕೆಳಗೆ ಉಸಿರಿಲ್ಲ ಅಂತ ಅರ್ಥ.
ಚಿಕ್ಕಪ್ಪ ಬತ್ತಿ ಬಿಡದೆ ಇಳಿದ.
ಒಂದೇ ಸಲ."

ಇದು ಬೇರೆ ಬೆಳಕು ಎಂದೆ.
ಬೇರೆ ಅಂದರೆ ಹೇಗೆ ಎಂದಳು.
ಬೋರ್ಡಿನ ಮೇಲೆ ಬಾಣಗಳನ್ನು ಬರೆದೆ.
ಅವಳು ನನ್ನ ಬೆರಳಿಗಂಟಿದ ಶಾಯಿ ನೋಡುತ್ತಿದ್ದಳು.
ಅವಳ ಕೊಟ್ಟಿಗೆಯಲ್ಲೂ ಒಂದು ತಗಡಿನ ಡಬ್ಬಿ ಇದೆ,
ಹೊಟ್ಟೆಯಲ್ಲಿ ಬಲ್ಬು, ನೆತ್ತಿಯಲ್ಲಿ ತೂತು.
ತೂತಿಗೆ ಮೊಟ್ಟೆ ಇಟ್ಟರೆ
ಕೆಂಪು ಜೇಡನ ಬಲೆ ಕಂಡದ್ದು ಕಾವಿಗೆ,
ಖಾಲಿ ಕಂಡದ್ದು ಬಾಣಲೆಗೆ.
ಐವತ್ತು ವರ್ಷದಿಂದ ಹೀಗೆ.

ಆದ್ದರಿಂದ ಪರದೆಯ ಮುಂದೆ ಕೂರಿಸಿದೆ.
ರೆಕ್ಕೆಯಾಗಲಿರುವ ಮೊಗ್ಗು: ಅಂಚೆಲ್ಲ ನೀಲಿ,
ನಟ್ಟನಡುವೆ ಕೆಂಡದ ಬಣ್ಣ.
"ಇಲ್ಲಿ ಉಸಿರು ಕಡಿಮೆ," ಎಂದೆ.
"ಪಾಪ," ಅಂದಳು.
"ಮೂಳೆ ಹುಟ್ಟುವುದಕ್ಕೆ ಶುರುವಾಗುವುದು ಅಲ್ಲೇ."

ಹಿಲ್ಯಾ ಮಾತಾಡಲಿಲ್ಲ.
ಗಂಟುಗಟ್ಟಿದ ತನ್ನ ಬೆರಳನ್ನು ಒಂದೊಂದಾಗಿ ಮಡಚಿದಳು, ಬಿಡಿಸಿದಳು.
ಎದ್ದು ಶಾಲು ಮಡಿಸುತ್ತ ಮತ್ತೆ ಅದೇ ಮಾತು:
"ಹೋದ ವಾರದ್ದೆಲ್ಲ ಎಲ್ಲಿ?"

ಇನ್ನು ಮುಚ್ಚಿಡಲಾರದೆ ಹೇಳಿಬಿಟ್ಟೆ:
ಆರನೇ ದಿನಕ್ಕೆ ಎಲ್ಲ ನಿಲ್ಲಿಸುತ್ತೇವೆ,
ಫ್ರಿಜ್ಜಿನಲ್ಲಿಡುತ್ತೇವೆ, ಆಮೇಲೆ—

"ಅಯ್ಯೋ ಹುಡುಗಿ, ಕತ್ತು ತಿರುವಿದ ಕೋಳಿಗೆ
ಲೆಕ್ಕ ಇಟ್ಟವಳೇನೇ ನಾನು?
ಟ್ರೇ ಎಲ್ಲಿ ಅಂದೆ. ರಟ್ಟಿನ ಟ್ರೇ.
ಸೆಪ್ಟೆಂಬರಿನಿಂದ ಒಂದೂ ವಾಪಸು ಬಂದಿಲ್ಲ."

ಬೀರುವಿನ ಹಿಂದಿದ್ದವು, ಹದಿನಾಲ್ಕು.
ಹಗ್ಗ ಕಟ್ಟಿ ಬಸ್ಸಿನವರೆಗೆ ಹೊತ್ತು ಕೊಟ್ಟೆ.
ಸೇತುವೆ ಏರಿದ ಬಸ್ಸಿನ ಹಿಂದೀಪ
ಹಿಮದಲ್ಲಿ ಎಷ್ಟು ಹೊತ್ತು ಉಳಿಯುತ್ತದೆಂದು
ಸುಮ್ಮನೆ ಎಣಿಸಿದೆ.
ಹನ್ನೊಂದು.
ಮೇಲೆ, ನಮ್ಮ ಕಿಟಕಿಯಲ್ಲಿ,
ರೈವೋ ದೀಪ ಆರಿಸಿದ.