ಮುದ್ದೆಮಾಲು

ಮಹಜರು ನಾನೇ ಬರೆದದ್ದು, ನನ್ನದೇ ಅಕ್ಷರ:
ಗಾಜಿನ ತೊಟ್ಟಿ ಒಂದು, ಎಡಮೂಲೆ ಬಿರುಕು.
ಗಾಳಿ ಊದುವ ಮೋಟಾರು ಒಂದು.
ಕೆಂಪು ಮೀನು ನಾಲ್ಕು. ಜೀವಂತ.
ಸಹಿ ಹಾಕಿದವರು ಇಬ್ಬರು: ಒಬ್ಬ ಬೇಕರಿಯವ,
ಇನ್ನೊಬ್ಬ ಟೈರಿಗೆ ಪಂಚರ್ ಹಾಕುವವ.
ಪಂಚರಲ್ಲೊಬ್ಬ ಪಂಚರ್ ಎಂದು ಪೇದೆ ನಕ್ಕ.

ಬಂದೂಕಿನ ಕೋಣೆಯಲ್ಲಿ ಮೀನಿಡಲಾಗದೆ
ನನ್ನ ಮೇಜಿನ ಪಕ್ಕ, ವಯರ್‌ಲೆಸ್ಸಿನ ಕೆಳಗೆ
ಸ್ಟೂಲು ಹಾಕಿ ಕೂರಿಸಿದೆವು.
ಕರಡಿಗೋಡಿನಲ್ಲಿ ಆನೆ ಇಳಿದಿದೆ ಎಂದು
ಅದು ಗೊರಗುಟ್ಟಿದಾಗಲೆಲ್ಲ
ನಾಲ್ಕೂ ಒಟ್ಟಿಗೆ ತಿರುಗುತ್ತಿದ್ದವು.

ಆರೋಪಿ ಸುಜಯ, ಇಪ್ಪತ್ತೊಂದು ವರ್ಷ.
ಹೋಂಸ್ಟೇಯಲ್ಲಿ ಹಾಸಿಗೆ ಹಾಸುವ ಕೆಲಸ.
ಎರಡು ತಿಂಗಳು ಸಂಬಳ ಬರಲಿಲ್ಲ,
ತೊಟ್ಟಿ ಎತ್ತಿಕೊಂಡು ನಡೆದ.
ಹಿಡಿಯಲು ನಮಗೇನೂ ಕಷ್ಟವಾಗಲಿಲ್ಲ,
ಸಿದ್ದಾಪುರದ ರಸ್ತೆಯುದ್ದಕ್ಕೂ ಹಸಿ ಗೆರೆ.

ಜಾಮೀನಿನ ಷರತ್ತು: ಭಾನುವಾರ ಭಾನುವಾರ ಸಹಿ.
ಸಂತೆ ಮುಗಿಸಿ ಬರುತ್ತಾನೆ.
ಒಣಮೀನಿನ ಚೀಲ ಬಾಗಿಲ ಹೊರಗಿಟ್ಟು
ಒಳಗೆ ಬರುತ್ತಾನೆ,
ಇವಕ್ಕೆ ವಾಸನೆ ತಿಳಿಯದಿರಲಿ ಎಂಬಂತೆ.

ಮೂರನೆಯ ಭಾನುವಾರ ಪೆನ್ನು ಹಿಡಿದವನು ಬಗ್ಗಿದ.
"ಸಾರ್, ಇದಕ್ಕೆ ದಿನ ತುಂಬಿದೆ.
ಬಾಲದ ಹತ್ತಿರ ನೋಡಿ, ಕಪ್ಪು ಮಚ್ಚೆ."
ಮೊಟ್ಟೆ ಎಲ್ಲಿಡುತ್ತದೋ?
"ಇಡುವುದಿಲ್ಲ ಸಾರ್, ಹೆರುತ್ತದೆ."
ಗಂಡು ಯಾವುದು?
"ಗಂಡಿಲ್ಲ. ನಾಲ್ಕೂ ಹೆಣ್ಣೇ."
ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ
ಇಂಥ ಹೇಳಿಕೆ ಬರೆದುಕೊಂಡವನಲ್ಲ ನಾನು.
"ಇತ್ತು ಸಾರ್ ಒಂದು, ಶಿವರಾತ್ರಿಗೆ ಮುಂಚೆ ಸತ್ತಿತು.
ಒಮ್ಮೆ ಸೇರಿದ್ದನ್ನು ಇವು ಒಳಗೆ ಕಾಪಿಡುತ್ತವೆ,
ತಿಂಗಳುಗಟ್ಟಲೆ."

ಗುರುವಾರ, ರಾತ್ರಿ ಪಾಳಿ.
ಕಿಟಕಿಯಲ್ಲಿ ಕಾಫಿ ಹೂವಿನ ವಾಸನೆ, ತಲೆ ಹಿಡಿಯುವಷ್ಟು.
ಠಾಣೆಯ ಡೈರಿ ಬರೆದು ತಲೆ ಎತ್ತಿದರೆ
ನೀರಿನಲ್ಲೊಂದು ಅಲ್ಪವಿರಾಮ.
ಇನ್ನೊಂದು.
ಸುರುಳಿ ಬಿಚ್ಚಿ, ಕಣ್ಣು ಬಿಟ್ಟುಕೊಂಡೇ ಬಿದ್ದದ್ದು
ತಳ ಮುಟ್ಟುವ ಮೊದಲೇ ಈಜಿತು.
ನಾನು ಬರೆಯದ ಅಲ್ಪವಿರಾಮಗಳು, ಹನ್ನೊಂದು, ಹದಿನಾಲ್ಕು,
ಎಣಿಸುತ್ತಿರುವಾಗಲೇ ಒಂದನ್ನು
ಹೆತ್ತದ್ದೇ ತಿರುಗಿ ನುಂಗಿತು.

ಕೂಗಿಬಿಟ್ಟೆ.
ಲಾಕಪ್ಪಿನ ಕುಡುಕ ಎದ್ದು ಕೂತ:
"ಏನ್ ಸಾರ್, ಕೊಲೆಯಾ?"
ಯಾವ ಕಲಂ ಹೇಳಲಿ ಅವನಿಗೆ.

ಕಡತದಲ್ಲಿದ್ದ ನಂಬರಿಗೆ ಫೋನು ಹಚ್ಚಿದೆ, ರಾತ್ರಿ ಒಂದು ಗಂಟೆ.
"ಸಾರ್, ನಾನೇನೂ ಮಾಡಿಲ್ಲ ಸಾರ್."
ಹೆತ್ತಿದೆ ಕಣೋ, ತಿನ್ನುತ್ತಿದೆ.
ಅವನ ಉಸಿರು ಒಂದು ಗಳಿಗೆ ನಿಂತು, ಆಮೇಲೆ
"ಅಡಗಲು ಜಾಗ ಮಾಡಿಕೊಡಿ ಸಾರ್. ಏನಾದರೂ ಎಳೆಎಳೆಯಾಗಿದ್ದದ್ದು."

ಅಪಘಾತದ ಜೀಪು ಎಳೆದು ತಂದ ಹಸಿರು ನೈಲಾನು ಹಗ್ಗ.
ತುದಿ ಬಿಡಿಸಿ, ನಲ್ಲಿಯಲ್ಲಿ ತೊಳೆದು, ಇಳಿಬಿಟ್ಟೆ.
ಅಡಗಿದವರನ್ನು ಹುಡುಕಿಯೇ ಸಂಬಳ ಪಡೆದ ಕೈ
ಅಂದು ಬೆಳಗಿನವರೆಗೆ ಎಳೆ ಬಿಡಿಸುತ್ತಲೇ ಇತ್ತು.

ವಿರಾಜಪೇಟೆ ಕೋರ್ಟಿನಲ್ಲಿ ರಾಜಿಯಾಯಿತು.
ಮಾಲು ಬಿಡಿಸಿಕೊಳ್ಳಲು ಮಾಲೀಕ ಅಪ್ಪಚ್ಚು ಬಂದವರು
ತೊಟ್ಟಿ ನೋಡಿ ಹುಬ್ಬೇರಿಸಿದರು:
"ಪರವಾಗಿಲ್ಲ, ಅಸಲಿನ ಜೊತೆ ಬಡ್ಡಿಯೂ ಬಂದಿದೆ."
ಎರಡು ತಿಂಗಳ ಸಂಬಳಕ್ಕೆ ಎಷ್ಟು ಬಡ್ಡಿ ಎಂದು
ಕೇಳಬಹುದಿತ್ತು. ಕೇಳಲಿಲ್ಲ.
ದಾಖಲೆಯಲ್ಲಿ ನಾಲ್ಕು ಎಂದೆ.
ಚಹಾ ಸೋಸುವ ಜರಡಿಯಲ್ಲಿ ಒಂದೊಂದೇ ಹಿಡಿದು
ನಾಲ್ಕು ಎಣಿಸಿ ಒಪ್ಪಿಸಿದೆ,
ಸಹಿ ಮಾಡಿಸಿಕೊಂಡೆ.

ಈಗ ಸುಜಯ ಬರಬೇಕಾಗಿಲ್ಲ.
ಈ ಭಾನುವಾರವೂ ಚೀಲ ಹೊರಗಿಟ್ಟು ಬಂದ.
ಸಹಿ ಬೇಡ ಮಾರಾಯ ಎಂದೆ, ಕೇಳಿಸಿತೋ ಇಲ್ಲವೋ,
ಗೋಡೆಯ ಮೊಳೆಯಿಂದ ನಾನು ಇಳಿಸಿಟ್ಟ,
'ಬೆಂಕಿ' ಎಂದು ಬರೆದ ಕೆಂಪು ಬಕೆಟ್ಟಿನ ಮೇಲೆ
ಆಗಲೇ ಬಗ್ಗಿದ್ದ.