ಆಮೇಲೆ

ನಮ್ಮೂರಿನ ಗಾಳಿಗೆ ಮುಲಾಜಿಲ್ಲ.
ಚೌಕದ ಮೂಲೆಯಲ್ಲಿ, ಬ್ಯಾಂಕಿನ ಮುಂದೆ,
ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿರುತ್ತಾರೆ
ಜನ ಹಾರಿಹೋಗದಿರಲೆಂದು.
ಪುಂಟಾ ಅರೇನಾಸ್ ಎಂದರೆ ಇಷ್ಟೇ:
ಭೂಪಟದಲ್ಲಿ ಕೆಳಗೆ, ಇನ್ನೂ ಕೆಳಗೆ,
ಬೆರಳು ಕಾಗದದಿಂದ ಜಾರುವ ಮುನ್ನ.

ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲಿ ಮೂರನೇ ತರಗತಿಗೆ
ಭಾಗಾಕಾರ ಕಲಿಸುತ್ತಿದ್ದೇನೆ ನಾನು, ಎರ್ಮೆಲಿಂಡಾ ಬರ್ರಿಯಾ.
ನಾಟಕದವಳು ಬರುತ್ತಾಳೆ ಎಂದಾಗ
ಕೇಳಿದ್ದು ಒಂದೇ ಮಾತು: ಎಷ್ಟು ಪೀರಿಯಡ್ಡು ಹಾಳು?

ಬಂದಳು ಸಿಮೆನಾ ಒಯಾರ್ಸೊ.
ಮುಖವಾಡ ತರಲಿಲ್ಲ, ಪರದೆ ತರಲಿಲ್ಲ.
ಒದ್ದೆ ಬೂಟು ಕಳಚಿ ಬಾಗಿಲ ಬಳಿ ಇಟ್ಟು
ಕಾಲ್ಚೀಲದಲ್ಲೇ ನಿಂತಳು; ಹೆಬ್ಬೆರಳ ಹತ್ತಿರ ತೂತು.
ಆ ತೂತು ನೋಡಿದ್ದೇ ತಡ, ಮಕ್ಕಳು ಅವಳನ್ನು ನಂಬಿಬಿಟ್ಟರು.

ಡೆಸ್ಕುಗಳು ಗೋಡೆಗೆ ಸರಿದವು,
ನೆಲ ಗೀರಿದ ಸದ್ದು ಇನ್ನೂ ನನ್ನ ಹಲ್ಲಿನಲ್ಲಿದೆ.
ಅರ್ಧ ಮಕ್ಕಳು ಗಾಳಿಯಾದರು, ಅರ್ಧ ಹಗ್ಗ.
ಯೆರ್ಕೊ ಮಾತ್ರ ತಾನು ಬ್ಯಾಂಕು ಎಂದ,
ಕೈಕಟ್ಟಿ ಅಲುಗದೆ ನಿಂತ.
ಆಗಲಿ, ಬ್ಯಾಂಕೂ ಬೇಕು ಎಂದಳು ಅವಳು.

ನಂತರ ಕತೆ.
ಬೆಳಗಿನ ಹಾಲಿನ ಸಾಲು. ಹೊಸದಾಗಿ ಬಂದ ಹುಡುಗಿ.
ಅವಳ ಮಾತಿನ ಧಾಟಿಯನ್ನು ಯಾರೋ ಅಣಕಿಸುತ್ತಾರೆ,
ಸಾಲಿಗೆ ಸಾಲೇ ನಗುತ್ತದೆ. ಮುಗಿಯಿತು.
"ಮತ್ತೆ ಮೊದಲಿಂದ ಆಡ್ತೀವಿ," ಎಂದಳು ಸಿಮೆನಾ,
"ಯಾರಿಗೆ ಸರಿಕಾಣಲಿಲ್ಲವೋ ಅವರು ಒಂದು ಚಪ್ಪಾಳೆ ಹೊಡೀರಿ.
ನಾವು ಕಲ್ಲಾಗ್ತೀವಿ. ನೀವು ಬಂದು
ಯಾರ ಜಾಗದಲ್ಲಾದರೂ ನಿಂತು
ಕತೆಯನ್ನ ಬೇರೆ ಕಡೆ ತಿರುಗಿಸಿ."

ಹೊಸ ಹುಡುಗಿಯಾಗಿ ಆಡಿದ್ದು ಮಿಲೆಂಕಾ, ಇದೇ ಊರಿನವಳು.
ನಿಜಕ್ಕೂ ಹೊಸಬಳಾದ ಯೋರ್ಗೆಲಿಸ್,
ಮಾರಾಕಾಯ್ಬೊದ ಸೆಕೆಯಿಂದ ಏಪ್ರಿಲ್ಲಿನಲ್ಲಿ ಬಂದವಳು,
ಹೀಟರಿನ ಪಕ್ಕ, ಎರಡು ಸ್ವೆಟರಿನೊಳಗೆ
ಉಗುರು ಕಚ್ಚುತ್ತ ಕೂತಿದ್ದಳು.

ಮೊದಲ ಚಪ್ಪಾಳೆ: ಒಬ್ಬ ಬಂದು ಗುದ್ದಿದ. ನಗು ನಿಲ್ಲಲಿಲ್ಲ.
ಎರಡನೆಯದಕ್ಕೆ ಅಳು. ನಗು ಹೆಚ್ಚಿತು.
ಮೂರನೆಯವಳು ಆಯೆಲೆನ್, ಜಾಣೆ:
"ಟೀಚರಿಗೆ ಹೇಳ್ತೀನಿ!"

ಟೀಚರು ಯಾರು? ಬ್ಯಾಂಕು ಓಡಿಬಂತು.
ಯೆರ್ಕೊ ನನ್ನ ಕುರ್ಚಿಯಲ್ಲಿ ಕೂತ,
ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ,
ಹಾಜರಿ ಪುಸ್ತಕದಿಂದ ತಲೆಯೆತ್ತದೆ
ಎಡಗೈಯನ್ನು ನೊಣ ಓಡಿಸುವಂತೆ ಬೀಸಿ
ಅಂದ: "ಆಮೇಲೆ, ಮರೀ, ಆಮೇಲೆ."

ತರಗತಿ ಬಿದ್ದು ಬಿದ್ದು ನಕ್ಕಿತು.
ಯೋರ್ಗೆಲಿಸ್ ನನ್ನ ಕಡೆ ನೋಡಿದಳು,
ಲೆಕ್ಕ ತಾಳೆಯಾಯಿತೇ ಎಂದು ನೋಡುವವರ ಹಾಗೆ.
ಗದ್ದಲ ಅಡಗಿಸಲು ನಾನು ಎತ್ತಿದ ಎಡಗೈ
ಅಲ್ಲೇ ಇತ್ತು, ಗಾಳಿಯಲ್ಲಿ,
ನೊಣ ಓಡಿಸುತ್ತ.

ಚಪ್ಪಾಳೆ ಕೇಳಿಸಿತು. ಯಾರದೆಂದು ಹುಡುಕಿದೆ.
ಸೀಮೆಸುಣ್ಣದ ಪುಡಿ ಏಳುತ್ತಿತ್ತು
ನನ್ನ ಅಂಗೈಗಳಿಂದ.

ನನ್ನದೇ ಕುರ್ಚಿಗೆ ಹನ್ನೊಂದು ಹೆಜ್ಜೆ.
ಯೆರ್ಕೊ ಎದ್ದು ಜಾಗ ಬಿಟ್ಟ, ದೊಡ್ಡವರಂತೆ.
ಆಯೆಲೆನ್ ಮತ್ತೆ ಬಂದಳು: "ಟೀಚರ್..."
ಪುಸ್ತಕ ಮುಚ್ಚಿದೆ. ತಲೆ ಎತ್ತಿದೆ.
ಅಲ್ಲಿಂದ ಮುಂದೆ
ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.
ಇಪ್ಪತ್ತೊಂಬತ್ತು ವರ್ಷ! ತಗಡಿನ ಮಾಡಿನ ಮೇಲೆ
ಯಾವುದೋ ಡಬ್ಬಿಯನ್ನು ಗಾಳಿ ಉರುಳಿಸುತ್ತಿತ್ತು.
"ಏನಾಯ್ತು, ಹೇಳು," ಎಂದೆ ಕೊನೆಗೆ.

ಆಯೆಲೆನ್‌ಗೂ ಮುಂದಿನ ಮಾತು ಗೊತ್ತಿರಲಿಲ್ಲ.
ಉತ್ತರ ಬಂದದ್ದು ಹೀಟರಿನ ಪಕ್ಕದಿಂದ,
ಮೆಲ್ಲಗೆ, ಆ ಬೇರೆ ಧಾಟಿಯಲ್ಲಿ.
ಯಾರೂ ನಗಲಿಲ್ಲ ಎಂದರೆ ಸುಳ್ಳಾದೀತು.
ಒಬ್ಬ ನಕ್ಕ. ಬ್ಯಾಂಕು ಅವನನ್ನು ತಿರುಗಿ ನೋಡಿತು.

ಗುರುವಾರ ಸಿಮೆನಾ ಬೂಟು ಮೆಟ್ಟಿ ಹೊರಟಳು.
ಹಗ್ಗ ಹಿಡಿದು ಚೌಕ ದಾಟುವುದನ್ನು
ಕಿಟಕಿಯಿಂದ ಕಂಡೆವು.
ಡೆಸ್ಕುಗಳು ತಮ್ಮ ಸಾಲಿಗೆ ಮರಳಿದವು.

ಶುಕ್ರವಾರ, ನಲವತ್ತೇಳನ್ನು ಆರರಿಂದ ಭಾಗಿಸುವಾಗ
ಯಾರೋ ಕರೆದರು.
ಬೋರ್ಡಿನಿಂದ ತಿರುಗದೆ ನಾನು: "ಆಮೇ..."

ಹಿಂದಿನ ಬೆಂಚಿನಿಂದ
ಒಂದೇ ಒಂದು ಚಪ್ಪಾಳೆ.

ಸೀಮೆಸುಣ್ಣ ಹಿಡಿದ ಕೈ ಇದ್ದಲ್ಲೇ ಕಲ್ಲಾಯಿತು.
ಶೇಷ ಐದು,
ಅದನ್ನಿನ್ನೂ ಬರೆದಿರಲಿಲ್ಲ.