ಮೂರು ಲೀಟರು

ಕೋಡಿಬಾಗದ ಸುಗಂಧಾಬಾಯಿ ಸಾರಂಗರ ಮನೆಗೆ
ಏನು ಒಯ್ಯಬೇಕೆಂದು ನನ್ನನ್ನು ಕೇಳಬೇಡಿ,
ಮೂರು ವಾರ ನನ್ನನ್ನೇ ನಾನು ಕೇಳಿಕೊಂಡವನು.

ಅವರ ಷೋಕೇಸಿನಲ್ಲಿ ಆಗಲೇ ನಾಲ್ಕು ಜೊತೆ ಗಾಜಿನ ಹಂಸ,
ಮೈಮೇಲೆ 'ಕಾರವಾರ' ಎಂದು ಬರೆಸಿಕೊಂಡ ಒಂದು ಶಂಖ
(ಕಾರವಾರದಲ್ಲೇ ಇರುವವರಿಗೆ ಅದನ್ನು ಕೊಟ್ಟ ಪುಣ್ಯಾತ್ಮ ಯಾರೋ),
ಗೋಡೆಗೆ ಆರು ಗಡಿಯಾರ, ಆರಕ್ಕೂ ಬೇರೆ ಬೇರೆ ಗಂಟೆ.
ಡಿನ್ನರ್ ಸೆಟ್ಟು ಪೆಟ್ಟಿಗೆಯೊಳಗೇ ಮುದಿಯಾಗಿದೆ.

ನಾನು ಕರೆಂಟು ಮೀಟರು ಓದುವವ.
ಊರಿನ ಹೊರಗೋಡೆಗಳೆಲ್ಲ ನನಗೆ ಬಾಯಿಪಾಠ,
ಒಳಗೋಡೆ ಯಾರೂ ತೋರಿಸಿದವರಲ್ಲ.
ಒಂದು ಶನಿವಾರ ಬಿಲ್ಲು ಹರಿದು ಕೊಡುವಾಗ
"ಎಂತಕ್ಕೆ ಹೊರಗೇ ನಿಲ್ಲೂದು? ಒಳಗೆ ಬನ್ನಿ" ಎಂದರು.
ಹೋದೆ. ಆಮೇಲೆ ಶನಿವಾರಗಳೆಲ್ಲ ಅಲ್ಲೇ.

ಟಗ್ಗು ನಡೆಸುತ್ತಿದ್ದ ಇನಾಸ ಇರುತ್ತಾನೆ,
ಹೊಲಿಗೆಯ ಖಲೀಲ, ಆಸ್ಪತ್ರೆಯ ಅನಸೂಯಾ ಗುನಗಿ,
ಯಾರದೋ ಮಗು, ಯಾರದೂ ಅಲ್ಲದ ಒಂದು ನಾಯಿ.
ಅವಲಕ್ಕಿ ಬರುತ್ತದೆ, ತಿಸ್ರೆ ಸುಕ್ಕಾ ಬರುತ್ತದೆ,
ಚಹ ಬರುತ್ತದೆ, ಮತ್ತೆ ಚಹ ಬರುತ್ತದೆ,
ತಾನಾಗಿ ನಡೆದು ಬಂದಂತೆ.

ಓದುವುದು ನನ್ನ ಕಸುಬು. ಒಂದು ಸಂಜೆ
ಅವರು ಎದ್ದು ಹೋದದ್ದನ್ನು ಎಣಿಸಿದೆ:
ಇಪ್ಪತ್ತಮೂರು.

ಇನಾಸನದೊಂದು ಕತೆ ಇದೆ.
ದೇವಗಡದ ದೀಪಸ್ತಂಭದಾಚೆ, ಮಂಜಿನಲ್ಲಿ, ಒಂದು ದೋಣಿ.
ದೋಣಿಯಲ್ಲಿ ಯಾರೂ ಇಲ್ಲ.
ಒಲೆಯ ಮೇಲೆ ಅನ್ನ ಕುದಿಯುತ್ತಿದೆ.
ಇಷ್ಟು ಹೇಳುವಾಗ ಸರಿಯಾಗಿ
ಅಡುಗೆಮನೆಯಲ್ಲಿ ಸುಗಂಧಾಬಾಯಿಯ ಹಾಲು ಉಕ್ಕುತ್ತದೆ.
ಹನ್ನೊಂದು ಸಲ ಕೇಳಿದ್ದಾರೆ ಆ ಕತೆ,
ಹನ್ನೊಂದು ಸಲವೂ ಅನ್ನ ಕುದಿಯುವವರೆಗೆ.

ರವಿವಾರದ ಸಂತೆಯಲ್ಲಿ ತಿರುಗಿದೆ.
ಹಣ್ಣು ಒಯ್ದರೆ ಕೊಯ್ಯುವವರು ಅವರೇ.
ಹೂವು ಒಯ್ದರೆ ಪಾತ್ರೆ ಹುಡುಕುವವರು ಅವರೇ.
ಸಿಹಿ ಒಯ್ದರೆ ಹಂಚಬೇಕು, ತಟ್ಟೆ ತೊಳೆಯಬೇಕು.
ಸೀರೆ ಒಯ್ಯಲು ನಾನ್ಯಾರು?
ಕೊಟ್ಟದ್ದೆಲ್ಲ ಅವರಿಗೆ ಮತ್ತೊಂದು ಕೆಲಸ.

ಕೊನೆಗೆ ಪಾತ್ರೆ ಅಂಗಡಿಯಲ್ಲಿ ಒಂದು ಫ್ಲಾಸ್ಕು,
ಮದುವೆ ಮನೆಯವರು ಇಡುವಂಥದ್ದು,
ಮೂರು ಲೀಟರು, ತಲೆ ಒತ್ತಿದರೆ ಚಹ.
"ಹೆಸರು ಕೆತ್ತಿಸೂದಾ?" ಎಂದ ಅಂಗಡಿಯವ.
ಬೇಡ ಮಾರಾಯ. ಕೊಟ್ಟವರ ಹೆಸರು ಹೊತ್ತ ಕೊಳಗಗಳು
ಅವರ ಅಟ್ಟದ ಮೇಲೆ ಒಂದು ಊರಿಗಾಗುವಷ್ಟಿವೆ.

ಬಿಚ್ಚಿ ನೋಡಿದರು. ಮುಖ ಸಣ್ಣದಾಯಿತು.
"ನನ್ನ ಚಹ ಆರಿರ್ತದೆ ಅಂತ ಯಾರಾದ್ರೂ ಹೇಳಿದ್ರಾ?"
ನನ್ನ ಬಾಯಿಗೆ ಉತ್ತರ ಬರಲಿಲ್ಲ.
ಎರಡು ಶನಿವಾರ ಫ್ಲಾಸ್ಕು ಹಂಸಗಳ ಪಕ್ಕ
ಅತಿಥಿಯ ಹಾಗೆ ಕೂತಿತ್ತು.

ಮೂರನೆಯದಕ್ಕೆ ಅವರ ಮೊಣಕಾಲೇ ಸಾಕು ಎಂದಿತು.
ಚಹ ಮಾಡಿ, ತುಂಬಿಸಿ, ತಂದಿಟ್ಟು
ಕೂತರು. ಬೆನ್ನು ಗೋಡೆಗೆ ಆನಿಸಿ, ಕಾಲು ಚಾಚಿ.
ಎಲ್ಲರೂ ಕೊಂಚ ಸರಿದೆವು,
ಅವರು ಇಷ್ಟು ಜಾಗ ಹಿಡಿಯುತ್ತಾರೆಂದು
ಯಾರಿಗೂ ಗೊತ್ತಿರಲಿಲ್ಲ.

ಇನಾಸ ದೋಣಿ ತೆಗೆದ. ಮಂಜು ಬಂತು. ಅನ್ನ ಕುದಿಯಿತು.
ಹಾಲು ಉಕ್ಕಲಿಲ್ಲ.
ದೋಣಿಯನ್ನು ಹಗ್ಗ ಕಟ್ಟಿ ಬೈತಕೋಲಿಗೆ ಎಳೆದು ತಂದ,
ಯಾರೂ ಕೇಳಿಕೊಂಡು ಬರಲಿಲ್ಲ ಎಂದು ಮುಗಿಸಿದ.

"ಅಷ್ಟೇಯಾ?" ಎಂದರು ಸುಗಂಧಾಬಾಯಿ.
ಲೋಟ ಕೆಳಗಿಟ್ಟರು.
"ಆ ದೋಣಿ ಯಾರದ್ದು ಅಂತ ನಂಗೊತ್ತುಂಟು."

ಖಲೀಲ ಫ್ಲಾಸ್ಕಿನ ತಲೆ ಒತ್ತಿದ.
ಗಾಳಿ ಮಾತ್ರ ಬುಸುಗುಟ್ಟಿತು.
ಅವರ ಕೈ ಅಭ್ಯಾಸಬಲದಿಂದ ನೆಲಕ್ಕೆ ಊರಿತು, ಏಳಲು.
ಅವರಿಗಿಂತ ಮೊದಲು ನಾನು ಎದ್ದೆ.

ಅಡುಗೆಮನೆಯಲ್ಲಿ ಹದಿನಾಲ್ಕು ಡಬ್ಬಿ.
ಒಂದೊಂದೇ ತೆರೆದೆ: ಅರಿಶಿನ, ಗಸಗಸೆ, ಗುಂಡಿ, ಸೂಜಿ, ಹಳೆಯ ಬಿಲ್ಲು.
ಒಳಗಿನಿಂದ ಅವರ ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.
ಆಮೇಲೆ ದನಿಯೂ ಇಲ್ಲ.
ಬಹಳ ಹೊತ್ತು ಇಲ್ಲ.
ಆಮೇಲೆ ಯಾರೋ ನಕ್ಕರು, ಅನಸೂಯಾ ಇರಬೇಕು,
ಮೂಗು ಸೀಟಿದವರೂ ಅವರೇ ಇರಬೇಕು.

ಕೇಳಬಹುದು ಯಾರನ್ನಾದರೂ. ಕೇಳಿಲ್ಲ.
ಸಕ್ಕರೆ ಎಲ್ಲಿದೆ ಎಂಬುದು ಮಾತ್ರ ಈಗ ಗೊತ್ತು:
ಎಡಗಡೆ, ಮೇಲಿನ ಹಲಗೆ,
'ಮೆಂತೆ' ಎಂದು ಬರೆದ ಡಬ್ಬಿಯಲ್ಲಿ.